ಹೊಲಿಗೆಕೋಣೆಯ ಊಟ

ರಂಗಮಂದಿರದ ಹಿಂಬದಿಯಲ್ಲಿ, ಬಣ್ಣದ ಕೋಣೆ ದಾಟಿ ಮೂರು ಮೆಟ್ಟಿಲು ಇಳಿದರೆ ಹೊಲಿಗೆಕೋಣೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ಒಬ್ಬಳೇ ಹೆಂಗಸು ಕೂತು ರಾಜರಿಗೂ ಕಳ್ಳರಿಗೂ ಒಂದೇ ಯಂತ್ರದಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಮನೆಯವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಎಲ್ಲರ ಬಾಯಲ್ಲೂ ಆಕೆ ಸೂಜಿಯಕ್ಕ. ವಯಸ್ಸು ಐವತ್ತೆರಡು. ಮದುವೆಯ ಮಾತು ಎರಡು ಸಲ ಹೊಸ್ತಿಲ ತನಕ ಬಂದು ಹಾಗೇ ಹಿಂದಿರುಗಿತ್ತು. ಅದಕ್ಕಾಗಿ ಆಕೆ ಕಣ್ಣೀರು ಹಾಕಿದವಳಲ್ಲ. ಕೈತುಂಬ ಕೆಲಸವಿತ್ತು, ಎರಡು ಬೀದಿ ಆಚೆ ಬಾಡಿಗೆಯ ಒಂದು ಕೋಣೆಯಿತ್ತು, ಅದೇ ಊರಲ್ಲಿ ಸಂಸಾರಸ್ಥಳಾದ ಒಬ್ಬ ತಂಗಿಯೂ ಇದ್ದಳು.

ಇಲ್ಲದ್ದು ಒಂದೇ. ಜೊತೆಗೆ ಕೂತು ಉಣ್ಣುವವರು.

ಮಧ್ಯಾಹ್ನ ಒಂದು ಗಂಟೆಗೆ ಬಡಗಿಗಳು, ಲೈಟಿನವರು, ನಟನಟಿಯರು ಎಲ್ಲ ಕ್ಯಾಂಟೀನಿನ ಉದ್ದ ಮೇಜಿಗೆ ಮುಗಿಬೀಳುತ್ತಿದ್ದರು. ಸೂಜಿಯಕ್ಕ ಯಂತ್ರದ ಮೇಲಿನ ಬಟ್ಟೆಚೂರು ಪಕ್ಕಕ್ಕೆ ಸರಿಸಿ, ಮನೆಯಿಂದ ತಂದ ಸ್ಟೀಲ್ ಡಬ್ಬಿ ಬಿಚ್ಚಿ, ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಗೋಧಿ ಆಕೆಗೆ ಆಗದು. ಬ್ರೆಡ್ಡು, ಬಿಸ್ಕತ್ತು, ಮೈದಾ ಕದಡಿ ಗಟ್ಟಿ ಮಾಡಿದ ಸೂಪು, ಒಂದೂ ಆಗದು. ಬ್ರೆಡ್ ಕೊಯ್ದ ಚಾಕುವಿನಲ್ಲೇ ಟೊಮೆಟೊ ಕೊಯ್ದರೂ ಸಾಕು, ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಬೇಕು. ಎಂಟು ವರ್ಷ ಅಲೆದಾಗ ಒಬ್ಬ ಡಾಕ್ಟರು ಗ್ಯಾಸ್ಟ್ರಿಕ್ ಅಂದಿದ್ದ, ಇನ್ನೊಬ್ಬ ನರದೌರ್ಬಲ್ಯ ಅಂದಿದ್ದ, ಮೂರನೆಯವನು ‘ಮದುವೆ ಮಾಡಿಕೊಳ್ಳಿ, ಸರಿಹೋಗುತ್ತೆ’ ಅಂದಿದ್ದ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಒಬ್ಬ ವಯಸ್ಸಾದ ಡಾಕ್ಟರಮ್ಮ ಆಕೆಯ ಉಗುರು ತಿರುಗಿಸಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ‘ಗ್ಲೂಟೆನ್ ಅಂತ ಒಂದಿದೆ, ಗೋಧಿಯೊಳಗಿನ ಅಂಟು. ನಿನ್ನ ಕರುಳಿಗೆ ಅದೇ ವಿಷ’ ಎಂದು ಹೇಳಿದ್ದಳು. ಆಗ ಸೂಜಿಯಕ್ಕನಿಗೆ ನಲವತ್ತೊಂದು.

ಕಾಯಿಲೆಗಿಂತ ಅದನ್ನು ವಿವರಿಸುವುದೇ ದೊಡ್ಡ ಕಾಟವಾಯಿತು. ಕ್ಯಾಂಟೀನಿನ ಅಡುಗೆಯವನು, “ಗೋಧಿ ತಿಂದು ಸತ್ತವರನ್ನ ನಾನಂತೂ ನೋಡಿಲ್ಲ ಅಕ್ಕಾ” ಎಂದು ಎಲ್ಲರ ಮುಂದೆ ಹಲ್ಲುಬಿಟ್ಟಿದ್ದ. ತಂಗಿ ಮೊದಮೊದಲು ಬೇರೆ ಮಾಡಿ ಬಡಿಸಿದಳು, ಆಮೇಲೆ ಒಂದೇ ಸೌಟಿನಲ್ಲಿ ಎಲ್ಲವನ್ನೂ ತಿರುವಿದಳು. ಅಕ್ಕ ತಟ್ಟೆ ಮುಟ್ಟದೆ ಕೂತಾಗ ಮುಖ ಊದಿಸಿಕೊಂಡಳು. “ನಮ್ಮನೆ ಅಡುಗೆ ನಿನಗೆ ಹಿಡಿಸಲ್ಲ ಬಿಡು” ಅಂದಳು. ಅಲ್ಲಿಂದೀಚೆಗೆ ಕರೆಯುವುದು ಕಡಿಮೆಯಾಯಿತು. ಕರೆದರೂ ‘ಊಟ ಮುಗಿಸಿಕೊಂಡೇ ಬಾ’ ಎನ್ನುತ್ತಿದ್ದಳು.

ಹೀಗಿರುವಾಗ ಆ ವರ್ಷ ರಂಗಮಂದಿರದಲ್ಲಿ ಒಬ್ಬ ರಾಣಿಯ ನಾಟಕ ಶುರುವಾಯಿತು. ರಾಣಿಯ ಪಾತ್ರಕ್ಕೆ ಬಂದಾಕೆ ನಾಡಿಗೆಲ್ಲ ಗೊತ್ತಿದ್ದ ನಟಿ. ಸಿನಿಮಾದಲ್ಲಿ ಇಪ್ಪತ್ತು ವರ್ಷ ಮೆರೆದು, ಮತ್ತೆ ರಂಗಕ್ಕೆ ಮರಳಿದವಳು. ಬೀದಿಯಲ್ಲಿ ನಡೆದರೆ ಜನ ನಿಂತು ನೋಡುತ್ತಿದ್ದರು. ಒಳಗೆ ಎಲ್ಲರಿಗೂ ಆಕೆ ಬರೀ ‘ಮೇಡಂ’. ಅತ್ತಿತ್ತ ನೋಡದೆ ನೇರ ನಡೆಯುವಳು, ಅಳೆದು ತೂಗಿ ಮಾತಾಡುವಳು.

ರಾಣಿಯ ನಿಲುವಂಗಿಗೆ ಬೆನ್ನುದ್ದಕ್ಕೂ ಇಪ್ಪತ್ತಾರು ಕೊಕ್ಕೆ. ಸೂಜಿಯಕ್ಕ ಮೊದಲ ದಿನ ಅಳತೆ ತೆಗೆದು ಬರೆದುಕೊಂಡಳು. ಮೂರು ವಾರಕ್ಕೆ ಅಂಗಿ ಸಡಿಲವಾಯಿತು, ಒಳಹೊಲಿಗೆ ಹಾಕಿ ಹಿಡಿದಳು. ಮತ್ತೆ ಎರಡು ವಾರಕ್ಕೆ ಮತ್ತೆ ಹಿಡಿದಳು. ಎರಡೂವರೆ ತಿಂಗಳಲ್ಲಿ ಸೊಂಟ ನಾಲ್ಕು ಇಂಚು ಕರಗಿತ್ತು. ಆದರೆ ವಿಚಿತ್ರವೆಂದರೆ, ಬೆಳಿಗ್ಗೆ ಲೊಳಲೊಳ ಅನ್ನುತ್ತಿದ್ದ ಅದೇ ಅಂಗಿ ಮಧ್ಯಾಹ್ನದ ಊಟವಾದ ಮೇಲೆ ಕೆಳಗಿನ ಆರು ಕೊಕ್ಕೆ ಕೂಡುತ್ತಲೇ ಇರಲಿಲ್ಲ.

ಹೊರಗೆ ಬಾಯಿಗೊಂದು ಮಾತು. ತೆಳ್ಳಗಾಗುವ ಹುಚ್ಚು ಎಂದರು. ಕುಡಿತ ಎಂದರು. ಬಣ್ಣದ ಕೋಣೆಯ ಹೆಂಗಸು, ಈ ವಯಸ್ಸಿಗೆ ಬಸಿರಂತೆ ಎಂದೂ ಒಂದು ಗಾಳಿಮಾತು ತೇಲಿಬಿಟ್ಟಳು. ಆದರೆ ಕೊಕ್ಕೆ ಹಾಕುವವಳಿಗೆ ಬೆನ್ನು ಎಲ್ಲವನ್ನೂ ಹೇಳುತ್ತದೆ. ಬಾಚಣಿಗೆ ತಗುಲಿದರೆ ಉದುರುವ ಕೂದಲು, ಬಿಸಿ ಕಾಫಿ ಬಾಯಿಗಿಟ್ಟಾಗ ಹುಣ್ಣಿಗೆ ತಾಗಿ ಬಿಗಿಯುವ ಕೆನ್ನೆ, ಬೆರಳ ತುದಿಯಲ್ಲಿ ಪದರ ಬಿಡುವ ಉಗುರು. ಸೂಜಿಯಕ್ಕ ಈ ದಾರಿಯಲ್ಲಿ ಎಂಟು ವರ್ಷ ನಡೆದಿದ್ದಳು. ಕಣ್ಣು ಮುಚ್ಚಿದರೂ ಗುರುತು ಸಿಗುತ್ತಿತ್ತು.

ಹೇಳುವುದೋ ಬಿಡುವುದೋ ಎಂದು ವಾರವಿಡೀ ಒದ್ದಾಡಿದಳು. ಕೊನೆಗೆ ಒಂದು ಬೆಳಿಗ್ಗೆ, ಗುಂಡುಪಿನ್ನುಗಳನ್ನು ಬಾಯಲ್ಲಿ ಕಚ್ಚಿಕೊಂಡೇ ಶುರು ಮಾಡಿದಳು.

“ಮೇಡಂ, ಒಂದು ಮಾತು. ಬ್ರೆಡ್ ತಿಂದ ಮೇಲೆ ಹೊಟ್ಟೆ ಉಬ್ಬುತ್ತಾ?”

ಕನ್ನಡಿಯಲ್ಲಿ ನಟಿಯ ಹುಬ್ಬು ಮೇಲೇರಿತು. “ಏನಂದೆ?”

“ನನಗೂ ಹಿಂಗೇ ಇತ್ತು. ಗೋಧಿ ಆಗ್ತಿರಲಿಲ್ಲ. ಒಂದ್ಸಲ ರಕ್ತ ಪರೀಕ್ಷೆ ಮಾಡಿಸಿದ್ರೆ—”

“ನಿನ್ನ ಕೆಲಸ ಅಳತೆ ತೆಗಿಯೋದು ತಾನೆ? ಅಳತೆ ತೆಗಿ. ಡಾಕ್ಟರಿಕೆ ಬೇಡ.”

ಸೂಜಿಯಕ್ಕ ಉಳಿದ ಪಿನ್ನುಗಳನ್ನು ಚುಚ್ಚಿ ಮುಗಿಸಿದಳು. ನನಗ್ಯಾಕೆ ಬೇಕಿತ್ತು ಈ ಉಸಾಬರಿ ಎಂದು ದಿನವೆಲ್ಲ ತನ್ನನ್ನೇ ಬೈದುಕೊಂಡಳು.

ಹನ್ನೆರಡನೆಯ ದಿನ ತಾಲೀಮಿನ ನಡುವೆ ರಾಣಿ ಸಿಂಹಾಸನದ ಮೆಟ್ಟಿಲ ಮೇಲೆ ಕುಸಿದಳು. ಎಲ್ಲರೂ ನೀರು, ಗಾಳಿ ಎಂದು ಓಡಾಡುತ್ತಿದ್ದಾಗ ಆಕೆ ಮೆಲ್ಲಗೆ ಎದ್ದು, ಯಾರ ಕೈಯೂ ಹಿಡಿಯದೆ, ಮೂರು ಮೆಟ್ಟಿಲು ಇಳಿದು ಹೊಲಿಗೆಕೋಣೆಗೆ ಬಂದು ಬಾಗಿಲು ಮುಚ್ಚಿದಳು. ಕೊಕ್ಕೆ ಬಿಚ್ಚುವಂತೆ ಬೆನ್ನು ತಿರುಗಿಸಿ ನಿಂತು, ಗೋಡೆಗೆ ಹೇಳುವವಳ ಹಾಗೆ ಕೇಳಿದಳು.

“ಆ ಪರೀಕ್ಷೆ ಎಲ್ಲಿ ಮಾಡ್ತಾರೆ?”

“ನಾನೇ ಕರ್ಕೊಂಡು ಹೋಗ್ತೀನಿ ಮೇಡಂ. ಆದ್ರೆ ಅಲ್ಲೀವರೆಗೂ ಬ್ರೆಡ್ ಬಿಡಬೇಡಿ. ಬಿಟ್ರೆ ಪರೀಕ್ಷೆಲಿ ಕಾಣದ ಹಾಗೆ ಕಾಯಿಲೆ ರಕ್ತದಲ್ಲಿ ಅಡಗಿ ಕೂರುತ್ತೆ.”

“ನನ್ನ ಹೆಸರು ಬರೆಸೋ ಹಾಗಿಲ್ಲ. ಬರೆಸಿದ್ರೆ ಸಂಜೆಯೊಳಗೆ ಊರೆಲ್ಲ ಡಂಗುರ ಆಗುತ್ತೆ.”

ಹಾಗಾಗಿ ಮರುದಿನ ನಾಡಿನ ಹೆಸರಾಂತ ನಟಿ ತಲೆಗೆ ಹಳೆಯ ಸ್ಕಾರ್ಫು, ಮೂಗಿಗೆ ಮಾಸ್ಕು ಹಾಕಿಕೊಂಡು ಸೂಜಿಯಕ್ಕನ ಹಾಜರಿ ಪುಸ್ತಕದ ಹೆಸರಿನಲ್ಲಿ ಪ್ರಯೋಗಾಲಯದ ಬೆಂಚಿನ ಮೇಲೆ ಕೂತಳು. ನರ್ಸು ಬಾಗಿಲಿಗೆ ಬಂದು ಹೆಸರು ಕೂಗಿದಾಗ ಅಭ್ಯಾಸಬಲದಿಂದ ಸೂಜಿಯಕ್ಕನೂ ಎದ್ದು ನಿಂತಳು. “ಒಬ್ಬರು ಬನ್ನಿ ಸಾಕು” ಎಂದಳು ನರ್ಸು. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಟಿ ಹಾಗೆ ಮನಸಾರೆ ನಕ್ಕಿದ್ದನ್ನು ಪರದೆಯ ಮೇಲೂ ನೋಡಿರಲಿಲ್ಲ ಎಂದು ಸೂಜಿಯಕ್ಕನಿಗೆ ಅನಿಸಿತು.

ಉತ್ತರ ಅಂದುಕೊಂಡಂತೆಯೇ ಬಂತು. ಆಮೇಲೆ ನಟಿ ತನ್ನದೇ ಡಾಕ್ಟರ ಬಳಿ, ತನ್ನದೇ ಹೆಸರಿನಲ್ಲಿ, ಗಂಟಲಲ್ಲಿ ಕೊಳವೆ ಇಳಿಸಿ ನೋಡುವ ಪರೀಕ್ಷೆಯನ್ನೂ ಮಾಡಿಸಿಕೊಂಡಳು. ಸಂಶಯವೇ ಉಳಿಯಲಿಲ್ಲ. ಇನ್ನು ಬದುಕಿರುವ ತನಕ ಗೋಧಿ ಮುಟ್ಟುವಂತಿಲ್ಲ.

ಅದು ಖಚಿತವಾದ ದಿನ ಮಧ್ಯಾಹ್ನ ಒಂದಕ್ಕೆ ಆಕೆ ಹೊಲಿಗೆಕೋಣೆಯ ಬಾಗಿಲಲ್ಲಿ ನಿಂತಿದ್ದಳು. “ಅಕ್ಕಾ, ನಾನೀಗ ಏನು ತಿನ್ನಲಿ?” ಎಂದು ಕೇಳಿದಳು. ದನಿಯಲ್ಲಿ ರಾಣಿಯೂ ಇರಲಿಲ್ಲ, ಮೇಡಮ್ಮೂ ಇರಲಿಲ್ಲ. ಸೂಜಿಯಕ್ಕ ತನ್ನ ಡಬ್ಬಿಯ ಅನ್ನ, ಸೊಪ್ಪು, ಮೊಟ್ಟೆಯನ್ನು ಎರಡು ಪಾಲು ಮಾಡಿದಳು. ಇಸ್ತ್ರಿ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಗೋಡೆಯ ಕಡೆಗಿದ್ದ ಸ್ಟೂಲನ್ನು ತಿರುಗಿಸಿ ಕೂತಳು. ಮಾರನೆಯ ದಿನದಿಂದ ಎರಡು ಡಬ್ಬಿ ತಂದಳು.

ಏಳು ವಾರ ಹೀಗೆ ನಡೆಯಿತು. ಅಷ್ಟು ದಿನದ ಸಂತೋಷ ಸೂಜಿಯಕ್ಕನ ಲೆಕ್ಕಕ್ಕೆ ದೊಡ್ಡದು. ಬೆಳಿಗ್ಗೆ ಐದಕ್ಕೇ ಎದ್ದು ಇವತ್ತು ಏನು ಮಾಡಲಿ ಎಂದು ಯೋಚಿಸುವಳು. ಒಬ್ಬಳಿಗೇ ಬೇಯಿಸುವಾಗ ಆಲೂಗಡ್ಡೆ ಬರೀ ಆಲೂಗಡ್ಡೆಯಾಗಿತ್ತು. ಈಗ ಅದಕ್ಕೆ ಮೆಣಸು, ನಿಂಬೆ ಬಿದ್ದವು. ನಟಿ ಕೇಳಿ ಕೇಳಿ ಉಣ್ಣುವಳು. ಸಾಸಿನ ಬಾಟಲಿ ತಂದು ತೋರಿಸುವಳು, ಲೇಬಲ್ಲಿನ ಸಣ್ಣ ಅಕ್ಷರ ಇಬ್ಬರೂ ಕನ್ನಡಕ ಹಾಕಿಕೊಂಡು ಓದುವರು. ಒಮ್ಮೆ, ಅದರಲ್ಲೂ ಗೋಧಿ ಇದೆಯೇನೋ ಎಂದು, ತನ್ನ ತುಟಿಗೆ ಹಚ್ಚುವ ಬಣ್ಣವನ್ನೂ ತಂದಿದ್ದಳು.

ಒಂದು ದಿನ ಆಕೆ ತುತ್ತು ಕೈಯಲ್ಲಿ ಹಿಡಿದೇ ಅತ್ತಳು. “ಚಿಕ್ಕವಳಿದ್ದಾಗ ನಮ್ಮಪ್ಪ ಬೇಕರಿಯಿಂದ ಬಿಸಿ ಬನ್ನು ತರ್ತಿದ್ರು. ಹೊಟ್ಟೆ ನೋವು ಅಂತ ಅತ್ತಾಗೆಲ್ಲ ಅದನ್ನೇ ಕೊಡೋರು. ಪಾಪ, ಅವರಿಗೆ ಏನು ಗೊತ್ತಿತ್ತು?”

“ಅಳಬೇಡಿ. ಅನ್ನ ಆರುತ್ತೆ” ಅಂದಳು ಸೂಜಿಯಕ್ಕ. ಸಮಾಧಾನದ ಮಾತು ಆಕೆಗೆ ಅಷ್ಟೇ ಬರುತ್ತಿದ್ದದ್ದು.

ನಟಿಯ ಕೆನ್ನೆಗೆ ಬಣ್ಣ ಬಂತು. ಕೂದಲು ಉದುರುವುದು ನಿಂತಿತು. ಹಿಡಿದ ಹೊಲಿಗೆಯನ್ನು ಸೂಜಿಯಕ್ಕ ಒಂದೊಂದಾಗಿ ಬಿಚ್ಚುತ್ತ ಬಂದಳು. ನಾಟಕ ತೆರೆಕಂಡು ಊರು ಹುಚ್ಚೆದ್ದಿತು. ಆಗಲೇ ಟೀವಿಯವರು ಬಂದರು.

ನಟಿಯ ಸಂದರ್ಶನ ಟೀವಿಯಲ್ಲಿ ಬಂದ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೂಜಿಯಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಪರದೆಯ ಮೇಲೆ ನಟಿ ತನ್ನ ಕಾಯಿಲೆಯ ಕಥೆ ಹೇಳಿದಳು. ಕುಡುಕಿ ಎಂದ ಜನ, ಮುಚ್ಚದ ಕೊಕ್ಕೆ, ಸಿಂಹಾಸನದ ಮೆಟ್ಟಿಲು, ಅಪ್ಪ ತಂದ ಬನ್ನು. ಚೆನ್ನಾಗಿ ಹೇಳಿದಳು, ಅವಳ ಕಸುಬೇ ಅದು. ಕೇಳುತ್ತಿದ್ದವಳೊಬ್ಬಳು ಮೂಗು ಒರೆಸಿಕೊಂಡಳು.

“ನಿಮಗೆ ಇದು ಗೊತ್ತಾಗಿದ್ದು ಹೇಗೆ?” ಎಂದ ಟೀವಿಯವನು.

ನಟಿ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟಳು. ಹೆಸರು ಹೇಳಿದರೆ ಇಷ್ಟು ಜನ ತಿರುಗಿ ನೋಡುತ್ತಾರಲ್ಲ, ಮುಖ ಎಲ್ಲಿಟ್ಟುಕೊಳ್ಳಲಿ ಎಂದು ಸೂಜಿಯಕ್ಕ ಸೆರಗು ಕೂಡ ಸರಿಮಾಡಿಕೊಂಡಳು.

“ದೇಹ ಮಾತಾಡುತ್ತೆ. ನಾನು ಕೇಳಿಸಿಕೊಂಡೆ, ಅಷ್ಟೆ” ಎಂದಳು ನಟಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೂ ಬಾಗಿಲ ಕಡೆ ತಿರುಗಲಿಲ್ಲ. ಸೂಜಿಯಕ್ಕ ಮೆಟ್ಟಿಲು ಇಳಿದು ಬಂದು ಯಂತ್ರದ ಮುಂದೆ ಕೂತಳು. ಸುಳ್ಳೇನೂ ಹೇಳಲಿಲ್ಲವಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಸುಳ್ಳು ಹೆಸರಲ್ಲಿ ರಕ್ತ ಕೊಟ್ಟದ್ದನ್ನು ಊರ ಮುಂದೆ ಯಾರು ತಾನೇ ಹೇಳಿಕೊಳ್ಳುತ್ತಾರೆ? ಹಾಗಂದುಕೊಂಡರೂ ಅಂದು ಹೊಲಿದ ತೋಳನ್ನು ಎರಡು ಸಲ ಬಿಚ್ಚಬೇಕಾಯಿತು.

ಒಂದೇ ವಾರದಲ್ಲಿ ಗಾಳಿ ಬದಲಾಯಿತು. ಮ್ಯಾನೇಜರು ಹೊಸ ಒಲೆ ತರಿಸಿದರು. ಅಡುಗೆಯವನು ನಟಿಗೆಂದೇ ಬೇರೆ ಬಾಣಲೆ, ಬೇರೆ ಸೌಟು, ಬೇರೆ ಒರೆಸುವ ಬಟ್ಟೆ ಎತ್ತಿಟ್ಟು, ಅವುಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿದ. “ಒಂದು ಚೂರು ಗೋಧಿ ಹಿಟ್ಟು ತಾಗಿದ್ರೂ ಅಪಾಯ ಕಣ್ರೀ, ಆಟ ಅಲ್ಲ” ಎಂದು ಬಡಗಿಗಳಿಗೆ ಪಾಠ ಹೇಳುತ್ತಿದ್ದ. ಮಧ್ಯಾಹ್ನ ನಟಿಯನ್ನು ನೋಡಲು ಪತ್ರಿಕೆಯವರು, ಡಾಕ್ಟರುಗಳು, ಅದೇ ಕಾಯಿಲೆಯ ಒಬ್ಬ ಆಟಗಾರ, ಹೀಗೆ ಯಾರಾದರೊಬ್ಬರು ಬರುತ್ತಿದ್ದರು. ಆಕೆಯ ಊಟ ಮ್ಯಾನೇಜರ ಕೋಣೆಗೆ ಹೋಯಿತು. ಎರಡನೆಯ ಡಬ್ಬಿಯನ್ನು ಸೂಜಿಯಕ್ಕ ಆರು ದಿನ ತಂದಳು, ಆರು ದಿನವೂ ತುಂಬಿದ್ದು ತುಂಬಿದಂತೆ ಮನೆಗೆ ಒಯ್ದು ರಾತ್ರಿಗೆ ತಾನೇ ಉಂಡಳು.

ಆ ಭಾನುವಾರ ತಂಗಿ ಫೋನು ಮಾಡಿದಳು.

“ಅಕ್ಕಾ, ಟೀವಿ ನೋಡಿದ್ಯಾ? ಆಯಮ್ಮನಿಗೆ ಇರೋದು ನಿನ್ನ ಕಾಯಿಲೆನೇ ಅಲ್ವಾ?”

“ಹೂಂ. ಅದೇ.”

“ಅಯ್ಯೋ! ಹಾಗಾದ್ರೆ ಅದು ನಿಜವಾದ್ದು!”

ಸೂಜಿಯಕ್ಕ ಫೋನನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಿಸಿದಳು. ಹನ್ನೊಂದು ವರ್ಷ ತಾನು ಹೇಳಿದ್ದು ತಂಗಿಯ ಕಿವಿಗೆ ಹೋಗಲು ಪರದೆಯ ಮೇಲೊಂದು ಮುಖ ಬೇಕಾಯಿತು. ಆದರೂ ತಂಗಿಯ ದನಿಯಲ್ಲಿ ಪಶ್ಚಾತ್ತಾಪವಿತ್ತು, ಅದು ಸುಳ್ಳಲ್ಲ. “ಬುಧವಾರ ಮಗಳ ಹುಟ್ಟುಹಬ್ಬ. ಬಾ. ಊಟ ಮುಗಿಸಿಕೊಂಡು ಬರಬೇಡ, ಹಸ್ಕೊಂಡು ಬಾ” ಎಂದಳು.

ಹೋದಳು. ತಂಗಿ ನಿಜಕ್ಕೂ ಕಷ್ಟಪಟ್ಟಿದ್ದಳು. ಹೊಸ ಪಾತ್ರೆ, ಅಕ್ಕಿಹಿಟ್ಟಿನ ಕೇಕು, ಪತ್ರಿಕೆಯಿಂದ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ ಪಟ್ಟಿ. ಪಟ್ಟಿಯ ಮೇಲೆ ನಟಿಯ ನಗುಮುಖ. ಸೂಜಿಯಕ್ಕ ಎರಡು ತುಂಡು ಕೇಕು ತಿಂದಳು. ತಂಗಿಯ ಗಂಡ ಕೇಳಿದರು, “ಅವರು ದಿನಾ ಏನು ತಿಂತಾರಂತೆ?” ತಂಗಿಯ ಅತ್ತೆ ಕೇಳಿದರು, “ಅವರಿಗೆ ಮಕ್ಕಳಿಲ್ಲದ್ದಕ್ಕೂ ಇದೇ ಕಾರಣವಂತೆ, ಹೌದಾ?” ತಂಗಿಯ ಮಗಳು, “ದೊಡ್ಡಮ್ಮಾ, ನೀನು ಅವರನ್ನ ಮುಟ್ಟಿದ್ದೀಯಾ?” ಎಂದು ಕಣ್ಣರಳಿಸಿದಳು.

“ದಿನಾ ಮುಟ್ತೀನಿ. ಅಳತೆ ತೆಗೀತೀನಲ್ಲ.”

ಎಲ್ಲರೂ ನಕ್ಕರು. ನಿನಗೆ ಹೇಗಿದೆ ಎಂದು ಯಾರೂ ಕೇಳಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ, ತಂಗಿ ಕಟ್ಟಿಕೊಟ್ಟ ಕೇಕಿನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇದರಲ್ಲಿ ಒಂದು ತುಂಡು ಮೇಡಂಗೆ ಕೊಡಬೇಕು, ಬನ್ನಿನ ಆಸೆ ಸ್ವಲ್ಪ ತೀರೀತು ಎಂದು ಸೂಜಿಯಕ್ಕ ಯೋಚಿಸಿದಳು. ಹೀಗೆ ಯೋಚಿಸಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟು ಬಂತು.

ನಾಟಕದ ಕೊನೆಯ ವಾರ ಬಂತು. ಮುಂದಿನ ತಿಂಗಳು ನಟಿ ದೂರದ ಊರಿಗೆ ಸಿನಿಮಾಕ್ಕೆ ಹೊರಡುವಳೆಂದು ಸುದ್ದಿ. ಕೊನೆಯ ಸಲ ಅಂಗಿ ಸಡಿಲಿಸಲು ಆಕೆ ಹೊಲಿಗೆಕೋಣೆಗೆ ಬಂದಳು. ಮೈ ತುಂಬಿಕೊಂಡಿತ್ತು. ಇಪ್ಪತ್ತಾರೂ ಕೊಕ್ಕೆ ಬೆಳಿಗ್ಗೆಯೂ ಸಂಜೆಯೂ ಒಂದೇ ಸಮ ಕೂಡುತ್ತಿದ್ದವು.

“ಮೇಡಂ, ನಾಳೆ ಮಧ್ಯಾಹ್ನ ಇಲ್ಲಿಗೆ ಬರ್ತೀರಾ?”

ನಟಿ ಕನ್ನಡಿಯಲ್ಲಿ ಆಕೆಯ ಮುಖ ನೋಡಿದಳು. ನೋಡಿ ಏನನ್ನೋ ಅರ್ಥಮಾಡಿಕೊಂಡವಳ ಹಾಗೆ ತಿರುಗಿ ಕೈ ಹಿಡಿದುಕೊಂಡಳು. “ಗೊತ್ತು ಅಕ್ಕಾ. ನಿನ್ನ ಹೆಸರು ಹೇಳಬೇಕಿತ್ತು. ಆವತ್ತು ಬಾಯಿಗೆ ಬಂದಿತ್ತು, ಆ ರಕ್ತಪರೀಕ್ಷೆ ವಿಷಯ ಎಳೀತಾರೆ ಅಂತ ಹಿಂಜರಿದೆ. ಇನ್ನೊಂದು ಸಂದರ್ಶನ ಇದೆ, ಅದರಲ್ಲಿ ಖಂಡಿತ ಹೇಳ್ತೀನಿ. ಫೋಟೋನೂ ಹಾಕಿಸ್ತೀನಿ.”

“ಹೆಸರು ಯಾರಿಗೆ ಬೇಕು ಮೇಡಂ? ನಾನು ಕರೆದದ್ದು ಊಟಕ್ಕೆ.”

ನಟಿಯ ಹಿಡಿತ ಸಡಿಲವಾಯಿತು. ಹೆಸರು ಕೇಳಿದ್ದರೆ ಕೊಡುವುದು ಆಕೆಗೆ ಸುಲಭವಿತ್ತು. “ಬರ್ತೀನಿ. ನಾಳೆ ಒಂದು ಗಂಟೆಗೆ. ಆಣೆಗೂ ಬರ್ತೀನಿ” ಎಂದಳು. ಹಾಗೆ ಹೇಳಿದಾಗ ಆಕೆ ಬರುವವಳೇ ಆಗಿದ್ದಳು ಎಂದು ಸೂಜಿಯಕ್ಕ ಇಂದಿಗೂ ನಂಬುತ್ತಾಳೆ.

ಮಾರನೆಯ ದಿನ ಆಲೂಗಡ್ಡೆ ಹುರಿದು, ನಿಂಬೆ ಹಿಂಡಿ, ಬಿಳಿ ಬಟ್ಟೆ ಹಾಸಿ ಕೂತಳು. ಒಂದು ಗಂಟೆಯಾಯಿತು. ಮೇಲೆ ಕ್ಯಾಂಟೀನಿನಲ್ಲಿ ಬೆಂಚು ಎಳೆದ ಸದ್ದು, ನಗು, ತಟ್ಟೆಗಳ ಸದ್ದು ಕೇಳಿಸಿತು. ಒಂದೂಕಾಲಿಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿ ಎದ್ದಳು. ಲೈಟಿನವನು ಹರಿದ ಜೇಬು ತೋರಿಸಲು ಬಂದಿದ್ದ. “ಮೇಡಂ ಮಂತ್ರಿಗಳ ಜೊತೆ ಮ್ಯಾನೇಜರ ಕೋಣೆಲಿ ಇದ್ದಾರೆ. ತಡವಾಗುತ್ತೆ ಅಂತ ನಿಮಗೆ ಹೇಳೋಕೆ ಹೇಳಿದ್ರು” ಎಂದ. ಎರಡು ಗಂಟೆಗೆ ಸೂಜಿಯಕ್ಕ ತನ್ನ ಪಾಲು ಉಂಡಳು. ಇನ್ನೊಂದು ಪಾಲನ್ನು ಮುಚ್ಚಿಟ್ಟಳು. ನಾಲ್ಕಕ್ಕೆ ಅದರ ಮುಚ್ಚಳವನ್ನೂ ಬಿಗಿದು ಚೀಲಕ್ಕೆ ಹಾಕಿದಳು.

ನಟಿ ಹೊರಟ ದಿನ ಎಲ್ಲರ ಮುಂದೆ ಸೂಜಿಯಕ್ಕನನ್ನು ತಬ್ಬಿಕೊಂಡಳು. ಇಬ್ಬರ ಕಣ್ಣೂ ಒದ್ದೆಯಾದವು. ಕಾರು ಹೋಯಿತು. ತಿಂಗಳಾದ ಮೇಲೆ ಒಂದು ವಾರಪತ್ರಿಕೆಯಲ್ಲಿ ‘ನಮ್ಮ ರಂಗಮಂದಿರದ ದರ್ಜಿ ಅಕ್ಕ ಮೊದಲು ಗುರುತಿಸಿದ್ದು’ ಎಂಬ ಒಂದು ಸಾಲು ಬಂತು. ತಂಗಿ ಅದನ್ನೂ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದಳಂತೆ.

ಅದಾದ ಮೇಲೆ ಒಂದು ಮಧ್ಯಾಹ್ನ ಅಡುಗೆಯವನು ಹೊಲಿಗೆಕೋಣೆಯ ಬಾಗಿಲಿಗೆ ಬಂದು ತಲೆ ಕೆರೆದುಕೊಂಡು ನಿಂತ.

“ಅಕ್ಕಾ, ಆ ಕೆಂಪು ಗುರುತಿನ ಪಾತ್ರೆಗಳು ಸುಮ್ನೆ ಬಿದ್ದಿವೆ. ನಿಮಗೆ ಮಾಡಿಕೊಡ್ಲಾ?”

ಹನ್ನೊಂದು ವರ್ಷದ ಮಾತೆಲ್ಲ ಸೂಜಿಯಕ್ಕನ ನಾಲಿಗೆಯ ತುದಿಗೆ ಬಂದು ನಿಂತಿತು. ಅವನ ಮುಖ ನೋಡಿದಳು. ಅವನಿಗೂ ಅದು ಗೊತ್ತಿತ್ತು.

“ಎಣ್ಣೆನೂ ಬೇರೆ ಇರಬೇಕು” ಎಂದಳು.

“ಬೇರೆನೇ ಇದೆ.”

ಮೆಟ್ಟಿಲು ಹತ್ತಿ ಹೋಗಿ ಉದ್ದ ಮೇಜಿನ ಕೊನೆಯಲ್ಲಿ ಕೂತಳು. ಬಡಗಿಯೊಬ್ಬ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ. ಅನ್ನ, ಹುರಿದ ತರಕಾರಿ ಬಂತು, ತಟ್ಟೆಯಿಂದ ಹಬೆಯಾಡುತ್ತಿತ್ತು. ಅಕ್ಕಪಕ್ಕದವರು ಯಾವುದೋ ಆಟದ ಸೋಲುಗೆಲುವಿನ ಬಗ್ಗೆ ಮಾತಾಡುತ್ತಿದ್ದರು, ಆಕೆಗೆ ಅದರ ತಲೆಬುಡ ತಿಳಿಯಲಿಲ್ಲ. ಉಪ್ಪು ಒಂದು ಕೈ ಹೆಚ್ಚಾಗಿತ್ತು. ಲೇಬಲ್ಲು ಓದುವಾಗ ಕನ್ನಡಕ ಮೂಗಿನ ತುದಿಗಿಳಿಸುತ್ತಿದ್ದ ಆ ಮುಖ ಈಗ ಎದುರಿಗಿದ್ದಿದ್ದರೆ ಏನೆನ್ನುತ್ತಿತ್ತು ಎಂದುಕೊಂಡಳು. ಎದುರಿನ ಬೆಂಚಿನಲ್ಲಿ ಯಾರದೋ ಕೋಟು ಮಡಚಿಟ್ಟಿತ್ತು.

“ಹೆಂಗಿದೆ ಅಕ್ಕಾ?” ಅಡುಗೆಯವನು ಒಳಗಿಂದಲೇ ಕೂಗಿದ.

“ಚೆನ್ನಾಗಿದೆ. ನಾಳೆ ಉಪ್ಪು ಸ್ವಲ್ಪ ಕಮ್ಮಿ ಹಾಕು” ಎಂದು ಕೂಗಿ ಹೇಳಿ, ತಟ್ಟೆ ಖಾಲಿ ಮಾಡಿದಳು.